ಸೇತುವೆ ಬಂದಿತು, ಇನ್ನು ಸಭೆ ಸೇರಲಿ

ಯೆರವಡಾ: 2025ನೆಯ ಇಸವಿಯ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿದ ಸೇತುವೆಯು ಸಂಚಾರಕ್ಕೆ ತೆರೆಯಿತು. ಸುಮಾರು 2.44 ಕಿಲೋಮೀಟರು ಉದ್ದದ, 470 ಕೋಟಿ ರೂಪಾಯಿಗಳಿಗೂ ಮಿಕ್ಕ ವೆಚ್ಚದ ಈ ಸೇತುವೆಗೆ ಸಿಗಂದೂರಿನ ಚೌಡೇಶ್ವರಿಯ ಹೆಸರನ್ನಿಟ್ಟಿದ್ದಾರೆ. ಸಾಗರ ತಾಲ್ಲೂಕಿನ ತುಮರಿ ಸೀಮೆಯ ಜನರು ಆರು ದಶಕಗಳಿಂದ ಕಾದಿದ್ದ ದಿನವದು. ಆ ಸಂತೋಷದಲ್ಲಿ ಪುಣೆಯಲ್ಲಿರುವ ನಾವೂ ಪಾಲುಗಾರರು. ರಾತ್ರಿಯ ಹೊತ್ತು ರೋಗಿಯನ್ನು ದಡದ ಮೇಲೆ ಮಲಗಿಸಿಕೊಂಡು ಬೆಳಗಿನ ಲಾಂಚಿಗಾಗಿ ಕಾಯುವ ಕಷ್ಟ ಯಾವ ಊರಿಗೂ ಬರಬಾರದು. ಆ ಕಷ್ಟ ನೀಗಿತೆಂಬುದು ಸಣ್ಣ ಮಾತಲ್ಲ.

ಆದರೆ ಸೇತುವೆ ತೆರೆದ ಕೆಲವು ದಿನಗಳಲ್ಲಿಯೇ ನಮ್ಮ ನೆರೆಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವು ಈ ಲೇಖನಕ್ಕೆ ಕಾರಣವಾಯಿತು. ಹಿನ್ನೀರಿನ ಕಡೆಯಿಂದ ಬಂದು ಇಲ್ಲಿ ಅನೇಕ ವರ್ಷಗಳಿಂದ ಹೋಟೆಲಿನ ಕೆಲಸದಲ್ಲಿರುವ ಗೃಹಸ್ಥರೊಬ್ಬರು ಒಂದು ಸಂಜೆ ಮನೆಗೆ ಬಂದರು. ಊರಿನಲ್ಲಿ ಅವರಿಗೆ ತಂದೆಯ ಕಾಲದ ಎರಡೆಕರೆ ನೆಲವಿದೆ. ಅಣ್ಣನ ಮಕ್ಕಳು ನೋಡಿಕೊಳ್ಳುತ್ತಾರೆ. ದಲ್ಲಾಳಿಯೊಬ್ಬನು ಅವರ ನಂಬರನ್ನು ಹೇಗೋ ಸಂಪಾದಿಸಿ, ಅವರು ಕನಸಿನಲ್ಲಿಯೂ ಎಣಿಸದಿದ್ದ ಬೆಲೆಯನ್ನು ಹೇಳಿದ್ದನಂತೆ. “ಏನು ಮಾಡಲಿ ಹೇಳಿ ರಾಯರೆ? ಮಗಳ ಮದುವೆಯಿದೆ. ನೆಲವನ್ನು ಕಟ್ಟಿಕೊಂಡು ನಾನಿಲ್ಲಿ ಏನು ಮಾಡಲಿ?” ಎಂದು ಕೇಳಿದರು. “ಅಣ್ಣನ ಮಕ್ಕಳನ್ನು ಕೇಳಿದಿರಾ?” ಎಂದೆ. “ಕೇಳಿದರೆ ಬೇಡವೆನ್ನುತ್ತಾರೆ. ಅದಕ್ಕೇ ಕೇಳಲಿಲ್ಲ” ಎಂದರು.

ಆ ಉತ್ತರದಲ್ಲಿ ತುಮರಿ ಸೀಮೆಯ ಇಂದಿನ ಪ್ರಶ್ನೆಯೆಲ್ಲ ಅಡಗಿದೆ. ಊರಿನಲ್ಲಿ ಇರುವವರನ್ನು ಕೇಳದೆ ಊರಿನ ನೆಲದ ಗತಿ ನಿಶ್ಚಯವಾಗಬಹುದೆ? ಆ ಸೀಮೆಯ ಇತಿಹಾಸವೆಲ್ಲವೂ ಹೀಗೆ ಕೇಳದೆ ನಡೆದ ನಿಶ್ಚಯಗಳ ಇತಿಹಾಸವೇ ಆಗಿದೆ.

ಮೊದಲು ಹಿರೇಭಾಸ್ಕರದ ಅಣೆಕಟ್ಟು ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸವನ್ನಾರಂಭಿಸಿತು. ಬಳಿಕ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ನೀರು 1,819 ಅಡಿಗಳ ಮಟ್ಟಕ್ಕೆ ನಿಲ್ಲುವಂತಾಯಿತು. ಹಿರೇಭಾಸ್ಕರವೇ ಅದರಡಿಯಲ್ಲಿ ಮುಳುಗಿತು. ತೋಟ, ಗದ್ದೆ, ದೇವಸ್ಥಾನಗಳ ಸಹಿತ ಊರೂರುಗಳೇ ಮುಳುಗಿದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದವು. ಉಳಿದ ಎತ್ತರದ ನೆಲವು ಮೂರು ದಿಕ್ಕಿಗೆ ನೀರು, ನಾಲ್ಕನೆಯ ದಿಕ್ಕಿಗೆ ಕಾಡು ಮತ್ತು ಘಟ್ಟ ಎಂಬಂತಾಗಿ, ನಡುಗಡ್ಡೆಯ ಬಾಳು ಪ್ರಾಪ್ತವಾಯಿತು. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಶಕ್ತಿಯು ನಾಡಿನ ಯಂತ್ರಗಳನ್ನು ತಿರುಗಿಸಿತು; ಆದರೆ ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ಹಿನ್ನೀರಿನ ಹಳ್ಳಿಗಳ ವಿಷಯದಲ್ಲಿ ಬಹುಕಾಲ ಅಕ್ಷರಶಃ ನಿಜವಾಗಿತ್ತು. ಮುಂದೆ 1972ರಲ್ಲಿ ಶರಾವತಿ ಕಣಿವೆಯು ವನ್ಯಜೀವಿ ಧಾಮವಾಯಿತು. ಮುಳುಗಡೆಯಾಗಿ ಬಂದು ಕಾಡಿನಂಚಿನಲ್ಲಿ ನೆಲೆನಿಂತವರಿಗೆ ಹಕ್ಕುಪತ್ರದ ಚಿಂತೆ ಮೊಮ್ಮಕ್ಕಳ ಕಾಲಕ್ಕೂ ಮುಂದುವರಿಯಿತು.

ಇವುಗಳಲ್ಲಿ ಯಾವ ಕಾಲಕ್ಕೂ ಪಂಚಾಯಿತಿ ಇರಲಿಲ್ಲವೆನ್ನುವಂತಿಲ್ಲ. ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾನೂನು 1959ರಲ್ಲಿಯೇ ಬಂದಿತ್ತು. ಪಂಚಾಯಿತಿ ಇತ್ತು, ಪ್ರಶ್ನೆ ಮಾತ್ರ ಅದರ ಮುಂದೆ ಬರಲಿಲ್ಲ. ಅಣೆಕಟ್ಟಿನ ಎತ್ತರವು ಒಂದೆಡೆ ನಿಶ್ಚಯವಾಯಿತು, ಕಾಡಿನ ಗಡಿಯು ಮತ್ತೊಂದೆಡೆ ನಿಶ್ಚಯವಾಯಿತು. ಸೇತುವೆಯ ಉದ್ಘಾಟನೆಯ ದಿನವೂ ಆಹ್ವಾನದ ವಿಚಾರವಾಗಿ ರಾಜ್ಯದವರಿಗೂ ಕೇಂದ್ರದವರಿಗೂ ಮಾತಿಗೆ ಮಾತು ಬೆಳೆಯಿತು. ಆ ವಾಗ್ವಾದದಲ್ಲಿ ತುಮರಿಯ ಗ್ರಾಮ ಪಂಚಾಯಿತಿಯ ಹೆಸರನ್ನು ಎತ್ತಿದವರು ನಮ್ಮ ಕಿವಿಗೆ ಬೀಳಲಿಲ್ಲ.

ಸೇತುವೆಯಿಂದ ಹಳ್ಳಿಗೆ ಏನೇನು ಬರುತ್ತದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಾವು ವಾಸಿಸುವ ಈ ಯೆರವಡಾ ಒಂದು ಕಾಲಕ್ಕೆ ಮುಳಾ-ಮುಠಾ ನದಿಯ ಆಚೆಯ ದಡದ ಹಳ್ಳಿಯಾಗಿತ್ತು. 1860ರ ದಶಕದ ಕೊನೆಗೆ ಬ್ರಿಟಿಷರು ಬಂಡ್ ಗಾರ್ಡನ್ನಿನ ಬಳಿ ಫಿಟ್ಸ್‌ಜೆರಾಲ್ಡ್ ಸೇತುವೆಯನ್ನು ಕಟ್ಟಿದರು. ಬೆನ್ನಿಗೇ 1871ರಲ್ಲಿ ಸೆರೆಮನೆ ಬಂದಿತು. ಆಮೇಲೆ ಮನೋರೋಗಿಗಳ ಆಸ್ಪತ್ರೆ ಬಂದಿತು. ನಗರವು ತನ್ನ ಅಂಗಳದಲ್ಲಿ ಇಟ್ಟುಕೊಳ್ಳಲು ಒಲ್ಲದ್ದನ್ನು ಸೇತುವೆ ದಾಟಿಸಿ ಹಳ್ಳಿಯ ಅಂಗಳದಲ್ಲಿರಿಸಿತು. ಕಾಲ ಕಳೆದಂತೆ ಹೊಲಗಳು ಹೋಗಿ ಬಡಾವಣೆಗಳಾದವು, ಗಾಜಿನ ಕಟ್ಟಡಗಳೆದ್ದವು. ಹಳೆಯ ಗಾವಠಾಣವು ಅವುಗಳ ನಡುವೆ ಇಕ್ಕಟ್ಟಿನ ಓಣಿಗಳಾಗಿ ಉಳಿಯಿತು. ಯೆರವಡಾಕ್ಕೆ ಸೇತುವೆಯಿಂದ ಕೇಡಾಯಿತೆಂದು ನಾವು ಹೇಳುವುದಿಲ್ಲ. ಆ ಸೇತುವೆಯಿಲ್ಲದಿದ್ದರೆ ನಮ್ಮಂಥ ಹೊರಗಿನವರಿಗೆ ಇಲ್ಲಿ ಅನ್ನವೂ ಇರುತ್ತಿರಲಿಲ್ಲ. ಆದರೆ ಬಂದ ಬದಲಾವಣೆಯಲ್ಲಿ ಯಾವುದು ಬೇಕು, ಯಾವುದು ಬೇಡವೆಂದು ಹೇಳುವ ಬಾಯಿ ಆ ಹಳ್ಳಿಗಿರಲಿಲ್ಲ.

ಮತ್ತೊಂದು ಮಾತಿನಿಂದಲೂ ಯೆರವಡಾ ನಮಗೆ ಪಾಠ ಹೇಳುತ್ತದೆ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಉಪವಾಸ ಕುಳಿತುದು ಈ ಸೆರೆಮನೆಯಲ್ಲಿ. ಡಾ. ಅಂಬೇಡ್ಕರರು ಅವರೊಡನೆ ವಾದಿಸಿ, ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಟ್ಟು, ಪ್ರಾಂತಗಳ ಶಾಸನಸಭೆಗಳಲ್ಲಿ 71ರ ಬದಲಿಗೆ 148 ಸ್ಥಾನಗಳನ್ನು ಪಡೆದುದೂ ಆಗಲೇ. ಯಾರ ಪರವಾಗಿ ಯಾರು ಮಾತನಾಡಬೇಕು ಎಂಬುದೇ ಅಂದಿನ ವಿವಾದವಾಗಿತ್ತು. ದೇಶದ ಸಭೆಗಳಿಗೆ ಅನ್ವಯಿಸಿದ ಆ ಪ್ರಶ್ನೆಯು ಹಿನ್ನೀರಿನ ಸಭೆಗೂ ಅಷ್ಟೇ ತೀಕ್ಷ್ಣವಾಗಿ ಅನ್ವಯಿಸುತ್ತದೆ.

ಕಾನೂನಿನ ಕೊರತೆ ಈಗ ಇಲ್ಲ. ಅಬ್ದುಲ್ ನಜೀರ್‌ಸಾಬರ ಕಾಲದಲ್ಲಿ, 1987ರ ಚುನಾವಣೆಯ ಮೂಲಕ ಬಂದ ಮಂಡಲ ಪಂಚಾಯಿತಿಗಳು ಕರ್ನಾಟಕಕ್ಕೆ ಅಧಿಕಾರ ವಿಕೇಂದ್ರೀಕರಣದ ರುಚಿಯನ್ನು ತೋರಿಸಿದವು. 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ಸಂವಿಧಾನದ ಆಧಾರವನ್ನು ಕೊಟ್ಟಿತು. 1993ರ ಕರ್ನಾಟಕದ ಕಾನೂನು ಅದನ್ನನುಸರಿಸಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಗ್ರಾಮ ಸಭೆಯ ಸದಸ್ಯನು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಪಂಚಾಯಿತಿಯ ಸ್ಥಾನಗಳಲ್ಲಿ ಅರ್ಧದಷ್ಟು ಸ್ತ್ರೀಯರಿಗೆ ಮೀಸಲು. ಕಟ್ಟಡಕ್ಕೆ ಪರವಾನಗಿ, ಮನೆ-ಅಂಗಡಿಗಳ ತೆರಿಗೆ, ಕುಡಿಯುವ ನೀರು, ಚರಂಡಿ, ಬೀದಿದೀಪ ಇವೆಲ್ಲ ಪಂಚಾಯಿತಿಯ ಕೈಯಲ್ಲಿವೆ.

ಆದರೆ ಅದೇ ಕಾನೂನು ಪ್ರಾತಿನಿಧ್ಯವನ್ನು ತಲೆಗಳ ಎಣಿಕೆಯಿಂದ ಅಳೆಯುತ್ತದೆ. ಹಿನ್ನೀರಿನ ಜನರ ಕಷ್ಟವಾದರೋ ನೀರಿನ ಅಳತೆಯದು. ಬಯಲುಸೀಮೆಯಲ್ಲಿ ಒಂದೇ ಊರಿನಲ್ಲಿ ಗುಂಪಾಗಿರುವಷ್ಟು ಜನರು ಇಲ್ಲಿ ಗುಡ್ಡಕ್ಕೊಂದು ಮನೆಯಾಗಿ ಚದುರಿದ್ದಾರೆ. ತುಮರಿ, ಕುದರೂರು ಮೊದಲಾದ ಪಂಚಾಯಿತಿಗಳು ಇಂಥ ಚದುರಿದ ಮನೆಗಳನ್ನು ಕೂಡಿಸಿ ಆಡಳಿತ ನಡೆಸಬೇಕು. ಸಭೆಯ ಜಾಗಕ್ಕೆ ಹೋಗಿ ಬರಲು ಕೂಲಿಯ ಹೆಣ್ಣುಮಗಳಿಗೆ ಒಂದು ದಿನದ ಸಂಬಳ ನಷ್ಟವಾಗುವುದಾದರೆ, ಅವಳಿಗಾಗಿ ಕಾದಿರಿಸಿದ ಸ್ಥಾನವು ಕಾಗದದ ಮೇಲಿನ ಸ್ಥಾನವಷ್ಟೆ.

ಇದಕ್ಕಿಂತ ದೊಡ್ಡ ಕೊರತೆ ಮೇಲಿನ ಹಂತದಲ್ಲಿದೆ. ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವುಗಳ ಅವಧಿ ತೀರಿತು. ಆ ಬಳಿಕ ನಾಲ್ಕು ವರ್ಷಗಳು ಕಳೆದರೂ ಚುನಾವಣೆಯಾಗಲಿಲ್ಲ. ಸೇತುವೆ ತೆರೆದ ದಿನ ಸಾಗರದಲ್ಲಿ ಚುನಾಯಿತ ತಾಲ್ಲೂಕು ಪಂಚಾಯಿತಿಯೇ ಇರಲಿಲ್ಲ. ಪುಣೆಯಲ್ಲಿರುವ ನಾವು ಇದನ್ನು ಕಂಡು ನಗುವಂತಿಲ್ಲ. ನಮ್ಮ ಮಹಾನಗರಪಾಲಿಕೆಯೂ 2022ರ ಮಾರ್ಚಿನಿಂದ ಮೂರು ವರ್ಷಕ್ಕೂ ಮಿಕ್ಕಿ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಚರಂಡಿ ಕಟ್ಟಿದರೆ ಯಾರ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ಯೆರವಡಾದ ಓಣಿಯವರು ಅಲೆದದ್ದನ್ನು ನಾವು ಬಲ್ಲೆವು. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ಹಿರಿಯರು ಬೇಸಾಯಕ್ಕೆ ಹೇಳಿದ ಮಾತು ಊರಿನ ಆಡಳಿತಕ್ಕೂ ಸಲ್ಲುತ್ತದೆ. ಅಧಿಕಾರಿಗಳು ಪ್ರಾಮಾಣಿಕರೇ ಇರಬಹುದು. ಆದರೆ ವರ್ಗವಾದ ಮರುದಿನ ಅವರು ಊರಿಗೆ ಉತ್ತರ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ಸೇತುವೆ ಬಂದಿದೆ. ಅದಕ್ಕೂ ಮೊದಲೇ, 2020ರಲ್ಲಿ, ಕರ್ನಾಟಕದ ಭೂಸುಧಾರಣಾ ಕಾನೂನಿಗೆ ತಿದ್ದುಪಡಿಯಾಗಿ, ಒಕ್ಕಲಲ್ಲದವರೂ ಸಾಗುವಳಿಯ ಭೂಮಿಯನ್ನು ಕೊಳ್ಳಬಹುದೆಂದಾಯಿತು. ಹಿನ್ನೀರಿನ ನೋಟ, ದೇವಿಯ ಕ್ಷೇತ್ರ, ನೇರವಾದ ದಾರಿ, ಕೊಳ್ಳಲು ತೊಡಕಿಲ್ಲದ ಕಾನೂನು: ಇವು ನಾಲ್ಕೂ ಕೂಡಿದ ಕಡೆ ದಲ್ಲಾಳಿಯು ಬಾರದಿರುವುದುಂಟೆ? ವಸತಿಗೃಹಗಳು ಏಳಬಹುದು, ಕೆಲಸಗಳು ಹುಟ್ಟಬಹುದು, ಅದು ಒಳ್ಳೆಯದೇ. ಅವುಗಳ ಕೊಳೆನೀರು ಯಾವ ಹಳ್ಳಕ್ಕೆ ಇಳಿಯಬೇಕು, ಕಸ ಎಲ್ಲಿಗೆ ಹೋಗಬೇಕು, ಬೇಸಗೆಯಲ್ಲಿ ಬಾವಿಯ ನೀರು ಮೊದಲು ಯಾರಿಗೆ, ಕೆಲಸವು ಊರಿನವರಿಗೋ ಹೊರಗಿನವರಿಗೋ ಎಂಬುದನ್ನು ಮಾತ್ರ ಮೊದಲ ಕಟ್ಟಡದ ಅಡಿಪಾಯಕ್ಕಿಂತ ಮುಂಚಿತವಾಗಿ ಗ್ರಾಮ ಸಭೆಯಲ್ಲಿ ಕುಳಿತು ನಿಶ್ಚಯಿಸಿಕೊಳ್ಳಬೇಕು. ಗೋಡೆ ಎದ್ದ ಮೇಲೆ ಹೇಳಿದ ಬುದ್ಧಿಗೆ ಬೆಲೆಯಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಆಗಬೇಕಾದ ಕೆಲಸಗಳು ಇವು. ಮೊದಲನೆಯದಾಗಿ, ಹಿನ್ನೀರಿನ ಪಂಚಾಯಿತಿಗಳು ಒಂದೊಂದಾಗಿ ಬೇರೆ ಬೇರೆ ನಿಯಮ ಮಾಡದೆ ಕೂಡಿ ಕುಳಿತು, ಕಟ್ಟಡ, ಕಸ, ನೀರುಗಳಿಗೆ ಒಂದೇ ಕಟ್ಟಳೆಯನ್ನು ಅಂಗೀಕರಿಸಬೇಕು. ಒಂದು ಪಂಚಾಯಿತಿ ಬೇಡವೆಂದುದನ್ನು ಪಕ್ಕದ ಪಂಚಾಯಿತಿ ಬೇಕೆಂದರೆ ಎರಡಕ್ಕೂ ಕೇಡು. ಎರಡನೆಯದಾಗಿ, ಗ್ರಾಮ ಸಭೆಯು ಯಾವಾಗಲೂ ಪಂಚಾಯಿತಿ ಕಚೇರಿಯಲ್ಲಿ ನಡೆಯದೆ ಸರದಿಯ ಮೇಲೆ ದೂರದ ಹಳ್ಳಿಗಳಿಗೂ ಹೋಗಬೇಕು. ಮೂರನೆಯದಾಗಿ, ದೊಡ್ಡ ಸೇತುವೆ ಆಯಿತೆಂದು ಹಸಿರುಮಕ್ಕಿ, ಮುಪ್ಪಾನೆಯಂಥ ಕಡವುಗಳನ್ನು ಸರಕಾರವು ಮರೆಯಬಾರದು. ನಾಲ್ಕನೆಯದಾಗಿ, ಮುಳುಗಡೆಯವರ ಹಕ್ಕುಪತ್ರದ ಪ್ರಶ್ನೆಯು ಪ್ರತಿಯೊಂದು ಗ್ರಾಮ ಸಭೆಯ ಮೊದಲ ವಿಷಯವಾಗಬೇಕು. ಕಾಗದವಿಲ್ಲದವನು ನೆಲದ ಬೆಲೆ ಏರಿದಾಗ ಎಲ್ಲರಿಗಿಂತ ಮುಂಚೆ ಸ್ಥಳ ಬಿಡಬೇಕಾಗುತ್ತದೆ. ಕೊನೆಯದಾಗಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳನ್ನು ಹೀಗೆ ಬರಿದಾಗಿ ಇಡುವ ರೂಢಿಗೆ ಮುಕ್ತಾಯ ಬರಬೇಕು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿ, ಲೋಹಿಯಾ ಅವರೂ ಬಂದು ಸೆರೆಯಾದರು. ಶಾಂತವೇರಿ ಗೋಪಾಲಗೌಡರಂಥ ನಾಯಕರು ಆ ಚಳವಳಿಯಲ್ಲಿ ಬೆಳಗಿದರು. ಅಂಥ ನೆಲದ ಜನರಿಗೆ ಸಭೆಯಲ್ಲಿ ಎದ್ದು ಮಾತನಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಪುಣೆ, ಮುಂಬಯಿಗಳಲ್ಲಿರುವ ನಮ್ಮ ಪಾಲಿನ ಕರ್ತವ್ಯ. ನಮ್ಮಲ್ಲಿ ಹೆಚ್ಚಿನವರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿಲ್ಲ. ಇರುವುದೂ ಸರಿಯಲ್ಲ, ಏಕೆಂದರೆ ನಾವು ಬಾಳುವುದು ಇಲ್ಲಿ. ಗ್ರಾಮ ಸಭೆಯಲ್ಲಿ ಕೈಯೆತ್ತುವ ಅಧಿಕಾರ ನಮಗಿಲ್ಲ. ಆದರೆ ನೆಲವನ್ನು ಮಾರುವ ಅಧಿಕಾರ ನಮಗಿದೆ. ಊರಿನಲ್ಲಿ ಬಾಳುವವನ ಹತ್ತು ಮತಗಳಿಗಿಂತ ಹೊರಗಿರುವವನ ಒಂದು ಸಹಿಯು ಊರಿನ ರೂಪವನ್ನು ಹೆಚ್ಚಾಗಿ ಬದಲಿಸಬಲ್ಲದು ಎಂಬುದು ನಾವು ನಾಚಿಕೊಳ್ಳಬೇಕಾದ ಸಂಗತಿ. ಮಾರಬೇಡಿರೆಂದು ಯಾರಿಗೂ ಹೇಳಲಾಗದು. ಮಗಳ ಮದುವೆ, ಮಗನ ಓದು, ಮುಪ್ಪಿನ ಔಷಧ ಇವು ಸುಳ್ಳಲ್ಲ. ದಲ್ಲಾಳಿಗೆ ಉತ್ತರ ಕೊಡುವ ಮೊದಲು ದಾಯಾದಿಗೂ ನೆರೆಯವನಿಗೂ ಒಂದು ಮಾತು ತಿಳಿಸಿ. ಕೊಳ್ಳುವ ಶಕ್ತಿ ಅವರಿಗಿದ್ದರೆ ಮೊದಲ ಅವಕಾಶ ಅವರಿಗಿರಲಿ. ಯಾವ ಉದ್ದೇಶಕ್ಕಾಗಿ ಕೊಳ್ಳುತ್ತಾರೆಂಬುದನ್ನು ಕೇಳಿ ಪಂಚಾಯಿತಿಯ ಸದಸ್ಯರ ಕಿವಿಗೆ ಹಾಕಿ. ಇಷ್ಟನ್ನು ಯಾವ ಕಾನೂನೂ ವಿಧಿಸುವುದಿಲ್ಲ. ಹುಟ್ಟಿದ ಊರಿನ ಋಣವು ವಿಧಿಸುತ್ತದೆ.

ನಮ್ಮ ನೆರೆಯ ಗೃಹಸ್ಥರು ಕೊನೆಗೆ ಅಣ್ಣನ ಮಕ್ಕಳಿಗೆ ಪತ್ರ ಬರೆದರು. ಫೋನಿನಲ್ಲಿ ಮಾತನಾಡಿದರೆ ಜಗಳವಾದೀತೆಂಬ ಅಂಜಿಕೆ ಅವರಿಗೆ. ಒಂದೆಕರೆಯನ್ನು ಹುಡುಗರೇ ಕಂತುಗಳಲ್ಲಿ ಹಣ ತೆತ್ತು ಇಟ್ಟುಕೊಳ್ಳುತ್ತಾರಂತೆ; ಉಳಿದ ಒಂದೆಕರೆಯ ಮಾತು ಇನ್ನೂ ನಡೆದಿದೆ. ದಲ್ಲಾಳಿಯು ಹೇಳಿದಷ್ಟು ಹಣ ಬರಲಾರದು, ಮದುವೆಯ ಚಪ್ಪರವೂ ಸ್ವಲ್ಪ ಚಿಕ್ಕದಾದೀತು. ಆದರೂ ಚಪ್ಪರವನ್ನು ಊರಿನಲ್ಲಿಯೇ ಹಾಕಬೇಕೆಂದು ಅವರು ಈಗ ಎಣಿಸಿದ್ದಾರೆ. ಬೀಗರು ಲಾಂಚಿಗೆ ಕಾಯಬೇಕಾಗಿಲ್ಲವಷ್ಟೆ. ಸೇತುವೆಯ ಮೇಲೆ ಹೀಗೆ ಊರಿನ ಮಕ್ಕಳು ಮರಳಿ ಬರುವುದಾದರೆ, ಬಂದವರು ಊರಿನ ಸಭೆಯ ಮಾತಿಗೆ ತಲೆಬಾಗುವುದಾದರೆ, ಆರು ದಶಕಗಳ ಕಾಯುವಿಕೆ ಸಾರ್ಥಕವಾದೀತು.