ತೊಟ್ಟೆಯ ಗಿಡ ಸಾಯುವುದು ಉಸಿರುಕಟ್ಟಿ

ನರ್ಸರಿಗೆ ಹೋದಾಗ ನಾವು ನೋಡುವುದೇನು? ಎಲೆ. ಎಷ್ಟು ಎಲೆ ಇದೆ, ಎಷ್ಟು ಹಸಿರಿದೆ, ಗಿಡ ಎಷ್ಟು ಎತ್ತರ ಬಂದಿದೆ. ಅಷ್ಟಾದರೆ ಚೌಕಾಸಿ ಶುರು. ತೊಟ್ಟೆಯೊಳಗಿನ ಮಣ್ಣು ಎಂಥದ್ದು, ಬೇರು ಹೇಗಿದೆ ಅಂತ ಕೇಳುವವರು ಅಪರೂಪ. ತಂದು ನೆಟ್ಟ ಒಳ್ಳೆಮೆಣಸಿನ ಬಳ್ಳಿಗಳಲ್ಲಿ ಆಟಿ ಕಳೆಯುವಾಗ ಅರ್ಧ ಉಳಿದರೆ ಮಳೆಯನ್ನು ಬೈಯುತ್ತೇವೆ. ಬೋರ್ಡೋ ಸಾಲಲಿಲ್ಲ ಎನ್ನುತ್ತೇವೆ. ತಪ್ಪು ಅನೇಕ ಸಲ ತೊಟ್ಟೆಯೊಳಗೇ ಕೂತು ಜೀಪಿನಲ್ಲಿ ನಮ್ಮ ಜತೆಗೇ ಬಂದಿರುತ್ತದೆ.

ಬೇರಿಗೆ ನೀರು ಬೇಕು, ಗೊಬ್ಬರ ಬೇಕು ಎಂಬುದು ಎಲ್ಲರಿಗೂ ಗೊತ್ತು. ಗಾಳಿಯೂ ಬೇಕು ಎಂಬುದು ಮಾತ್ರ ಮರೆತೇ ಹೋಗುತ್ತದೆ. ಮಣ್ಣಿನ ಕಣಗಳ ನಡುವಿನ ಸಂದು ಪೂರಾ ನೀರು ತುಂಬಿದರೆ ಬೇರಿಗೆ ಆಮ್ಲಜನಕ ತಲುಪುವುದಿಲ್ಲ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಹರಡುವುದು ಸುಮಾರು 10,000 ಪಟ್ಟು ನಿಧಾನ. ಬೇರು ಸತ್ತಾಗ ಎಲೆ ಬಾಡುತ್ತದೆ. ಬಾಡಿದ್ದು ಕಂಡು ಇನ್ನೊಂದು ಕೊಡಪಾನ ನೀರು! ಎಲೆ ಹಳದಿಯಾದರೆ ಒಂದು ಚಿಟಿಕೆ ಯೂರಿಯಾ! ಎರಡೂ ಬಿದ್ದವನ ಮೇಲೆ ಹೊರೆ ಹೇರಿದ ಹಾಗೆ.

ಒಳ್ಳೆಮೆಣಸಿನಲ್ಲಂತೂ ಇದು ಇನ್ನೂ ಕಷ್ಟ. ಶೀಘ್ರ ಸೊರಗು ತರುವ ಫೈಟಾಫ್ತೊರದ ಬೀಜಾಣುಗಳು ನೀರಿನಲ್ಲಿ ಈಜುವಂಥವು. ನೀರು ನಿಂತ ತೊಟ್ಟೆ ಅವಕ್ಕೆ ಕೆರೆ ಇದ್ದ ಹಾಗೆ. ಉಸಿರು ಸಿಗದೆ ಸೋತ ಬೇರು ಅಲ್ಲೇ ಇರುತ್ತದೆ, ಹುಡುಕುವ ಕೆಲಸವೂ ಇಲ್ಲ.

ಇನ್ನು ನಮ್ಮಲ್ಲಿ ಬೇರೂರಿದ ಒಂದು ನಂಬಿಕೆ. ಚಟ್ಟಿಯ ತಳಕ್ಕೆ ಒಡೆದ ಹಂಚಿನ ಚೂರೋ ಜಲ್ಲಿಯೋ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು. ಅಜ್ಜನ ಕಾಲದಿಂದ ಬಂದ ಕ್ರಮ ನಿಜ. ಆದರೆ ಅದರಿಂದ ಬಸಿಯುವಿಕೆ ಹೆಚ್ಚುವುದಿಲ್ಲ. ಒಗೆದ ಬೈರಾಸು ಹಗ್ಗಕ್ಕೆ ಹಾಕಿ ನೋಡಿ. ಮೇಲೆ ಆರಿದರೂ ಕೆಳಗಿನ ಅಂಚು ಒದ್ದೆಯೇ. ಅಂಚಿನ ಕೆಳಗೆ ಇರುವುದು ಬರೀ ಗಾಳಿ, ತಡೆ ಯಾವುದೂ ಇಲ್ಲ, ಆದರೂ ನೀರು ಇಳಿಯುವುದಿಲ್ಲ. ತೊಟ್ಟೆಯ ಮಣ್ಣಿನಲ್ಲೂ ಹೀಗೇ. ತೂತು ಎಷ್ಟೇ ಇರಲಿ, ತಳದ ಕೆಲವು ಅಂಗುಲ ಸದಾ ನೆನೆದೇ ಇರುತ್ತದೆ. ಜಲ್ಲಿ ಹಾಕಿದರೆ ಆ ನೆನೆದ ಪಟ್ಟಿ ಜಲ್ಲಿಯ ಮೇಲಕ್ಕೆ ಸರಿಯುತ್ತದೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರ. ಒಂದು ಹಂಚಿನ ಚೂರನ್ನು ಮಣ್ಣು ಸೋರದಂತೆ ತೂತಿನ ಮೇಲೆ ಮುಚ್ಚುವುದು ಬೇರೆ ಮಾತು, ಅದು ಇರಲಿ.

ನೆನೆದ ಪಟ್ಟಿ ಎಷ್ಟು ದಪ್ಪ ಎಂಬುದನ್ನು ನಿರ್ಧರಿಸುವುದು ಮಿಶ್ರಣ. ನಯ ಮಣ್ಣಾದರೆ ಪಟ್ಟಿ ದಪ್ಪ, ಉರುಟು ಕಣವಾದರೆ ತೆಳು. ತೊಟ್ಟೆ ಗಿಡ್ಡವಾದರೂ ಉದ್ದವಾದರೂ ಪಟ್ಟಿ ಅಷ್ಟೇ. ಹಾಗಾಗಿ ಅಗಲದ ಗಿಡ್ಡ ತೊಟ್ಟೆಗಿಂತ ಉದ್ದದ್ದೇ ವಾಸಿ.

ಅಡಿಕೆ ಸಸಿಗೆ 25×15 ಸೆಂ.ಮೀ. ತೊಟ್ಟೆ, 7 ಪಾಲು ಮೇಲ್ಮಣ್ಣು, 3 ಪಾಲು ಹಟ್ಟಿಗೊಬ್ಬರ, 2 ಪಾಲು ಹೊಯಿಗೆ ಎಂಬ ಶಿಫಾರಸು ನಮಗೆಲ್ಲ ಪರಿಚಿತ. ಮೇಲ್ಮಣ್ಣು ಸಡಿಲವಿದ್ದರೆ ಅದು ಸರಿ. ಆದರೆ ಗದ್ದೆಯ ಅಂಟು ಮಣ್ಣಿಗೆ 2 ಪಾಲು ಹೊಯಿಗೆ ಸೇರಿಸಿದರೆ? ಹೊಯಿಗೆಯ ಕಣಗಳು ಬೆಲ್ಲದ ಪಾಕದಲ್ಲಿ ಮುಳುಗಿದ ನೆಲಗಡಲೆಯಂತೆ. ಒಂದಕ್ಕೊಂದು ತಾಗದೆ ಸಂದು ಎಲ್ಲಿಂದ ಬರಬೇಕು? ಒಣಗಿದ ಮೇಲೆ ಸಿಗುವುದು ಇಟ್ಟಿಗೆ. ಉರುಟು ಕಣ ಅರ್ಧದಷ್ಟಾದರೂ ಇದ್ದರೆ ಮಾತ್ರ ಪ್ರಯೋಜನ.

ಹೊಳೆ ಹೊಯಿಗೆ ಈಗ ದುಬಾರಿ, ಸಿಗುವುದೂ ಕಷ್ಟ. ಎಂ-ಸ್ಯಾಂಡ್ ಆಗಬಹುದು, ಆದರೆ ಅದರ ಹುಡಿ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಗಾಳಿಸಿ, ತೊಳೆದೇ ಬಳಸಬೇಕು. ನನಗೆ ಒಪ್ಪಿಗೆಯಾದದ್ದು ಮುರಕಲ್ಲಿನ ನುಚ್ಚು. ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ ಇರುವುದನ್ನು ಆರಿಸಿಕೊಂಡರೆ ಸಾಕು. ಉಮಿಕರಿಯೂ ಒಳ್ಳೆಯದೇ, ಹಗುರವೂ ಹೌದು. ಬೂದಿಯಾಗುವಷ್ಟು ಸುಡಬಾರದು. ತೆಂಗಿನ ನಾರಿನ ಹುಡಿಯ ಬಗ್ಗೆ ಸ್ವಲ್ಪ ಜಾಗ್ರತೆ. ತೊಳೆಯದ್ದರಲ್ಲಿ ಉಪ್ಪಿರುತ್ತದೆ. ಬೇಸಗೆಗೆ ವರವಾದ ಅದರ ನೀರು ಹಿಡಿಯುವ ಗುಣ ನಮ್ಮ ಮಳೆಗೆ ಶಾಪ. ಹಟ್ಟಿಗೊಬ್ಬರ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಭ್ರಮೆ ಬೇಡ. ಜನವರಿಯಲ್ಲಿ ಸಡಿಲವಾಗಿದ್ದದ್ದು ಕರಗಿ, ಕುಸಿದು ಜುಲೈಗೆ ಕೆಸರಾಗುತ್ತದೆ.

ಮಿಶ್ರಣ ಸರಿಯಿದೆಯೋ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಒಂದು ಲೀಟರಿನ ಡಬ್ಬಿಯ ತಳಕ್ಕೆ ನಾಲ್ಕು ತೂತು ಮಾಡಿ ಮಿಶ್ರಣ ತುಂಬಿಸಿ. ಎರಡು ಸಲ ನೀರು ಹೊಯ್ದು ಇಳಿಯಲು ಬಿಡಿ, ಕುಗ್ಗಿದರೆ ಮತ್ತೆ ತುಂಬಿಸಿ. ಆಮೇಲೆ ತೂತು ಮುಚ್ಚಿ ನಿಧಾನವಾಗಿ ನೀರು ಹೊಯ್ಯಿರಿ, ಮೇಲ್ಮೈ ಹೊಳೆಯುವ ತನಕ. ಸ್ವಲ್ಪ ಹೊತ್ತು ಬಿಟ್ಟು ತೂತು ಬಿಡಿಸಿ, ಒಂದು ಗಂಟೆ ಬಸಿದ ನೀರನ್ನು ಅಳೆಯಿರಿ. ಆ ನೀರಿದ್ದ ಜಾಗಕ್ಕೆ ಈಗ ಗಾಳಿ ಬಂದಿದೆ. 150 ಮಿ.ಲೀ. ಬಸಿದರೆ ಗಾಳಿಯ ಪಾಲು ನೂರಕ್ಕೆ 15, ಚಿಂತೆಯಿಲ್ಲ. 100ಕ್ಕಿಂತ ಕಡಿಮೆಯಾದರೆ ಮಳೆಗಾಲಕ್ಕೆ ಆ ಮಿಶ್ರಣ ಬೇಡ. ಐವತ್ತೂ ಬಸಿಯದಿದ್ದರೆ ಅದನ್ನು ಅಗಳಿನ ದುರಸ್ತಿಗೆ ಬಳಸಬಹುದು!

ನರ್ಸರಿಯವರ ಮಾತೂ ಇದೆ. ಸಡಿಲ ಮಣ್ಣಾದರೆ ಸಾಗಾಟದಲ್ಲಿ ಮುದ್ದೆ ಒಡೆಯುತ್ತದೆ, ಗಿರಾಕಿಯೇ ಗಟ್ಟಿ ತೊಟ್ಟೆ ಕೇಳುತ್ತಾನೆ ಎನ್ನುತ್ತಾರೆ. ಇದು ಸುಳ್ಳಲ್ಲ. ತೊಟ್ಟೆ ಒತ್ತಿ ನೋಡಿ "ಮಣ್ಣು ಸಡಿಲ ಉಂಟಲ್ಲ ಮಾರಾಯ್ರೇ" ಅಂತ ಬಿಟ್ಟುಹೋಗುವವರು ನಾವೇ ತಾನೆ? ಬೇರು ಚೆನ್ನಾಗಿ ಹಬ್ಬಿದ್ದರೆ ಮುದ್ದೆಯನ್ನು ಬೇರೇ ಹಿಡಿದುಕೊಳ್ಳುತ್ತದೆ, ಅಂಟು ಮಣ್ಣು ಬೇಡ. ಹಾಗಾಗಿ ಕೊಳ್ಳುವ ಮುಂಚೆ ಒಂದು ತೊಟ್ಟೆಗೆ ದುಡ್ಡು ಕೊಟ್ಟು ಅಲ್ಲೇ ಹರಿದು ನೋಡಿ. ಬಿಳಿ ಬೇರು ತಳದವರೆಗೂ ಇದ್ದರೆ ಒಂದೆರಡು ರೂಪಾಯಿ ಹೆಚ್ಚಾದರೂ ತನ್ನಿ. ಬೇರೆಲ್ಲ ಮೇಲಿನ ಅರ್ಧದಲ್ಲೇ ನಿಂತು, ತಳದ ಮಣ್ಣು ನೀಲಿಗಪ್ಪಾಗಿ ಕೊಳೆತ ವಾಸನೆ ಬಂದರೆ ಎಲೆ ಎಷ್ಟು ಚೆಂದ ಇದ್ದರೂ ಬೇಡ. ಹರಿಯಲು ಒಪ್ಪದವರಲ್ಲಿ ಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯ. ಹತ್ತು ಗಿರಾಕಿಗಳು ಬೇರು ಕೇಳತೊಡಗಿದರೆ ಮಿಶ್ರಣ ತನ್ನಿಂದ ತಾನೇ ಬದಲಾದೀತು.

ಅಂಟು ಮಣ್ಣಿನ ತೊಟ್ಟೆ ಈಗಾಗಲೇ ಅಂಗಳದಲ್ಲಿದ್ದರೆ ತಳದ ಅಂಚಿನಲ್ಲೇ ಇನ್ನಷ್ಟು ತೂತು ಮಾಡಿ. ಪಕ್ಕದಲ್ಲಿ ಎರಡು ಅಂಗುಲ ಮೇಲಿರುವ ತೂತಿನಿಂದ ತಳದ ನೀರು ಹೋಗದು. ಸಿಮೆಂಟು ನೆಲದ ಮೇಲೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಇಡಬೇಡಿ. ಅಡಿಕೆ ಸಸಿಯಾದರೆ ಹೊಯಿಗೆಯ ಹಾಸಿನ ಮೇಲೆ ಒತ್ತಿ ಇಡಬಹುದು. ತೂತಿನ ಮೂಲಕ ಮಣ್ಣಿಗೂ ಹೊಯಿಗೆಗೂ ಸಂಪರ್ಕ ಬಂದು ನೀರು ಇನ್ನೂ ಇಳಿಯುತ್ತದೆ. ಒಳ್ಳೆಮೆಣಸಿಗೆ ಇದು ಬೇಡ, ಒಂದರ ರೋಗ ಇನ್ನೊಂದಕ್ಕೆ ನೀರಿನಲ್ಲೇ ದಾಟೀತು. ಅದಕ್ಕೆ ಅಡಿಕೆ ಮರದ ಸೀಳಿನ ಅಟ್ಟಳಿಗೆ, ಮೇಲಿಂದ ಮಳೆ ಹನಿ ನೇರ ಬೀಳದಂತೆ ಮಾಡು. ನೆಡುವಾಗ ಮುರಕಲ್ಲಿನಲ್ಲಿ ಕಡಿದ ಗುಂಡಿಯನ್ನೂ ಒಮ್ಮೆ ನೋಡಿಕೊಳ್ಳಿ. ನೀರು ಹೊರಗೆ ಹೋಗಲು ದಾರಿಯಿಲ್ಲದ ಗುಂಡಿ ತೂತಿಲ್ಲದ ದೊಡ್ಡ ಚಟ್ಟಿಯೇ. ಇಳಿಜಾರಿನ ಬದಿಯಲ್ಲಿ ಗುಂಡಿಯ ತಳದ ಮಟ್ಟಕ್ಕೆ ಒಂದು ಸಣ್ಣ ಬಸಿಗಾಲುವೆ ಕಡಿದು, ಆಮೇಲೆ ನೆಡಿ.