ಟೆಲಿವಿಷನ್ ಮಾರುಕಟ್ಟೆಯ ಎಲ್ಲೆಗಳು ಮತ್ತು ಸಣ್ಣ ಉತ್ಪಾದಕರ ಜಾಹೀರಾತು ವೆಚ್ಚ

ದಾವಣಗೆರೆಯಲ್ಲಿ ಮೆಣಸಿನ ಪುಡಿ, ಅರಿಶಿನ ಪುಡಿ ತಯಾರಿಸುವ ಒಂದು ಸಣ್ಣ ಘಟಕವಿದೆಯೆಂದು ಭಾವಿಸೋಣ. ಬ್ಯಾಡಗಿ ಮಾರುಕಟ್ಟೆ ಹತ್ತಿರವಿರುವುದರಿಂದ ಕಚ್ಚಾ ಮಾಲಿಗೆ ಕೊರತೆಯಿಲ್ಲ. ಸರಕು ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಹಾಗೂ ಹಾವೇರಿ ಜಿಲ್ಲೆಗಳ ಕಿರಾಣಿ ಅಂಗಡಿಗಳಿಗೆ ಹೋಗುತ್ತದೆ. ಅದರಾಚೆಗೆ ವಿತರಕರಿಲ್ಲ, ಸಾಗಣೆ ವೆಚ್ಚವೂ ಗಿಟ್ಟುವುದಿಲ್ಲ. ಹೊಸ ಪೊಟ್ಟಣವನ್ನು ಕಪಾಟಿನಲ್ಲಿಡುವ ಮುನ್ನ ಅಂಗಡಿಯವರು ಕೇಳುವ ಪ್ರಶ್ನೆ ಒಂದೇ: ‘ಟಿ.ವಿ.ಯಲ್ಲಿ ಬರುತ್ತದೆಯೇ?’ ಹೌದೆನ್ನುವ ಆಸೆಯಿಂದ ಮಾಲೀಕರು ಜಾಹೀರಾತು ಏಜೆನ್ಸಿಯನ್ನು ಸಂಪರ್ಕಿಸಿದಾಗ ತೊಡಕು ಎದುರಾಗುತ್ತದೆ. ಕನ್ನಡದ ಪ್ರಮುಖ ಮನರಂಜನಾ ವಾಹಿನಿಗಳಲ್ಲಿ ನಾಲ್ಕು ಜಿಲ್ಲೆಗಳಿಗೆ ಮಾತ್ರ ಸೀಮಿತವಾಗಿ 10 ಸೆಕೆಂಡುಗಳನ್ನು ಕೊಳ್ಳುವ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ. ಕೊಂಡರೆ ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯವನ್ನೇ ಕೊಳ್ಳಬೇಕು.

ಈ ನಿರ್ಬಂಧದ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಮೇಲೆ ಹೇಳಿದ ನಾಲ್ಕು ಜಿಲ್ಲೆಗಳದು ಅನುಕ್ರಮವಾಗಿ 19.45, 16.59, 17.53 ಮತ್ತು 15.98 ಲಕ್ಷ, ಒಟ್ಟು ಸುಮಾರು 69.55 ಲಕ್ಷ (ಹರಪನಹಳ್ಳಿ ತಾಲ್ಲೂಕು ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು). ವೀಕ್ಷಕರು ಜನಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗಿದ್ದಾರೆಂದು ಇಟ್ಟುಕೊಂಡರೆ, ಜಾಹೀರಾತಿಗೆ ತೆತ್ತ ಪ್ರತಿ 100 ರೂಪಾಯಿಯಲ್ಲಿ 11 ರೂಪಾಯಿ ಚಿಲ್ಲರೆ ಮಾತ್ರ ಆ ಸರಕನ್ನು ಕೊಳ್ಳಬಲ್ಲವರನ್ನು ತಲುಪುತ್ತದೆ. ಉಳಿದ 88 ರೂಪಾಯಿಗೂ ಮೀರಿದ ಮೊತ್ತ, ಪೊಟ್ಟಣವನ್ನು ಹುಡುಕಿದರೂ ಸಿಗದ ಊರುಗಳ ಪಾಲಾಗುತ್ತದೆ. ಇದೇ ವಾಹಿನಿಯಲ್ಲಿ ಇದೇ ದರಕ್ಕೆ ಜಾಹೀರಾತು ನೀಡುವ ಬಹುರಾಷ್ಟ್ರೀಯ ಕಂಪನಿಯ ಪುಡಿ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿಯೂ ಲಭ್ಯವಿರುವುದರಿಂದ ಅದಕ್ಕೆ ಈ ನಷ್ಟವಿಲ್ಲ. ದರಪಟ್ಟಿ ಇಬ್ಬರಿಗೂ ಒಂದೇ ಆಗಿದ್ದರೂ, ಕೊಳ್ಳಬಲ್ಲ ಒಬ್ಬ ಗ್ರಾಹಕನನ್ನು ತಲುಪುವ ವೆಚ್ಚ ಸ್ಥಳೀಯ ಉತ್ಪಾದಕನಿಗೆ ಸುಮಾರು ಒಂಬತ್ತು ಪಟ್ಟು ಹೆಚ್ಚು.

ಟೆಲಿವಿಷನ್ ಮಾರುಕಟ್ಟೆಯ ಎಲ್ಲೆ ರಾಜ್ಯದ ಎಲ್ಲೆಯೇ ಆಗಿರಬೇಕೆಂಬುದು ಪ್ರಕೃತಿ ನಿಯಮವೇನಲ್ಲ. ಆರಂಭದಲ್ಲಿ ಹಾಗಿರಲೂ ಇಲ್ಲ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದ ಮೇಲೆ ಬಹುಕಾಲ ಗೋಪುರದ ಎತ್ತರವೇ ಮಾರುಕಟ್ಟೆಯ ಅಳತೆಯಾಗಿತ್ತು. 1975-76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿದಾಗ ಕರ್ನಾಟಕದಿಂದ ಸೇರಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಭಾಗದ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಟೆಲಿವಿಷನ್ನಿನ ಮಟ್ಟಿಗಾದರೂ ಒಮ್ಮೆ ಉತ್ತರ ಕರ್ನಾಟಕ ರಾಜಧಾನಿಗಿಂತ ಮುಂದಿತ್ತು!

1990ರ ದಶಕದಲ್ಲಿ ಖಾಸಗಿ ಉಪಗ್ರಹ ವಾಹಿನಿಗಳು ಬಂದಾಗ ಗೋಪುರದ ಲೆಕ್ಕ ಅಪ್ರಸ್ತುತವಾಯಿತು. 1994ರಲ್ಲಿ ಉದಯ ವಾಹಿನಿ ಆರಂಭವಾಯಿತು. 2000ದಲ್ಲಿ ಈಟಿವಿ, 2006ರಲ್ಲಿ ಝೀ, 2007ರಲ್ಲಿ ಸುವರ್ಣ ವಾಹಿನಿಗಳು ಕನ್ನಡದಲ್ಲಿ ಬಂದವು. ಉಪಗ್ರಹಕ್ಕೆ ಜಿಲ್ಲೆಯ ಗಡಿ ತಿಳಿಯದು, ವೀಕ್ಷಕನಿಗೆ ಭಾಷೆ ತಿಳಿದಿದ್ದರೆ ಸಾಕು. ಹೀಗಾಗಿ 1956ರ ಭಾಷಾವಾರು ಪ್ರಾಂತ್ಯ ರಚನೆಯ ನಕಾಶೆಯೇ ಟೆಲಿವಿಷನ್ ವ್ಯಾಪಾರದ ನಕಾಶೆಯಾಗಿ ಪರಿಣಮಿಸಿತು. 2015ರಿಂದ ವೀಕ್ಷಕರ ಎಣಿಕೆ ನಡೆಸುತ್ತಿರುವ ಬಾರ್ಕ್ ಸಂಸ್ಥೆಯ ವಿಂಗಡಣೆಯೂ ಇದೇ ಜಾಡಿನಲ್ಲಿದೆ. 2014ರಲ್ಲಿ ಆಂಧ್ರ ಪ್ರದೇಶ ಇಬ್ಭಾಗವಾದರೂ ಅಲ್ಲಿನ ಎರಡು ರಾಜ್ಯಗಳನ್ನು ಟೆಲಿವಿಷನ್ ಲೆಕ್ಕದಲ್ಲಿ ಒಂದೇ ಮಾರುಕಟ್ಟೆಯಾಗಿ ನೋಡುವ ರೂಢಿ ಮುಂದುವರಿಯಿತು. ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉಳಿದ ಭಾರತವೆಲ್ಲ ‘ಹಿಂದಿ ಭಾಷಿಕ ಮಾರುಕಟ್ಟೆ’ ಎಂಬ ಒಂದೇ ಹೆಸರಿನಡಿ ಬರುತ್ತದೆ. ಕೋಲ್ಕತ್ತದ ಬಂಗಾಳಿಯೂ ಪುಣೆಯ ಮರಾಠಿಗನೂ ಅದರೊಳಗೇ! ಕರ್ನಾಟಕದೊಳಗೆ ಬೆಂಗಳೂರಿಗೆ ಪ್ರತ್ಯೇಕ ಲೆಕ್ಕ ದೊರೆಯುತ್ತದೆ. ಉಳಿದ ಊರುಗಳನ್ನು ಗಾತ್ರದ ಆಧಾರದ ಮೇಲೆ ವರ್ಗೀಕರಿಸುತ್ತಾರೆಯೇ ಹೊರತು ಸ್ಥಳದ ಆಧಾರದ ಮೇಲಲ್ಲ. ಹುಬ್ಬಳ್ಳಿ ಮತ್ತು ಮಂಗಳೂರು ಗಾತ್ರದಲ್ಲಿ ಒಂದೇ ವರ್ಗಕ್ಕೆ ಸೇರಬಹುದು. ಆದರೆ ಹುಬ್ಬಳ್ಳಿಯಲ್ಲಿ ಸರಕು ಮಾರುವವನಿಗೆ ಮಂಗಳೂರಿನ ಅಂಕಿ ಯಾವ ಪ್ರಯೋಜನಕ್ಕೆ?

ಅಮೆರಿಕದ ಪದ್ಧತಿ ಈ ವಿಷಯದಲ್ಲಿ ಭಿನ್ನವಾಗಿದೆ. ಅಲ್ಲಿನ ಸಂಪರ್ಕ ಆಯೋಗವು 1952ರ ತನ್ನ ಆದೇಶದಲ್ಲಿ ಯಾವ ಊರಿಗೆ ಯಾವ ಚಾನೆಲ್ ಎಂಬುದನ್ನು ಪಟ್ಟಿ ಮಾಡಿ ಹಂಚಿತು. ಪ್ರಸಾರ ಕೇಂದ್ರಗಳು ಹೀಗೆ ನಗರಗಳಿಗೆ ಅಂಟಿಕೊಂಡು ಬೆಳೆದುದರಿಂದ, ಜಿಲ್ಲೆಗೆ ಸಮನಾದ ಕೌಂಟಿಯ ಜನ ಯಾವ ನಗರದ ಕೇಂದ್ರಗಳನ್ನು ಹೆಚ್ಚಾಗಿ ನೋಡುತ್ತಾರೋ ಆ ನಗರದ ಮಾರುಕಟ್ಟೆಗೆ ಅದನ್ನು ಸೇರಿಸುವ ಕ್ರಮ ರೂಢಿಗೆ ಬಂದಿತು. 1966ರಲ್ಲಿ ಆರ್ಬಿಟ್ರಾನ್ ಸಂಸ್ಥೆ ಇಂಥ ವಿಂಗಡಣೆಯನ್ನು ಪ್ರಚುರಪಡಿಸಿತು. ಅದು ಟೆಲಿವಿಷನ್ ಎಣಿಕೆಯಿಂದ 1993ರಲ್ಲಿ ಹಿಂದೆ ಸರಿದ ಬಳಿಕ ನೀಲ್ಸನ್ ಸಂಸ್ಥೆಯ ವಿಂಗಡಣೆಯೇ ಪ್ರಮಾಣವಾಯಿತು. ಅದರ ಪ್ರಕಾರ ದೇಶದಲ್ಲಿ 210 ಟೆಲಿವಿಷನ್ ಮಾರುಕಟ್ಟೆಗಳಿವೆ. ಮೊದಲನೆಯದು ಲಕ್ಷಾಂತರ ಮನೆಗಳ ನ್ಯೂಯಾರ್ಕ್. ಬಹುಕಾಲದಿಂದ ಕೊನೆಯ ಸ್ಥಾನದಲ್ಲಿರುವುದು ಮೊಂಟಾನಾ ರಾಜ್ಯದ ಗ್ಲೆಂಡೈವ್ ಎಂಬ ಪುಟ್ಟ ಊರು, ಅಲ್ಲಿರುವುದು ಕೆಲವೇ ಸಾವಿರ ಮನೆಗಳು. ಆದರೂ ಅದೊಂದು ಮಾರುಕಟ್ಟೆ. ಅಲ್ಲಿನ ಟ್ರ್ಯಾಕ್ಟರ್ ವ್ಯಾಪಾರಿ ತನ್ನ ಊರಿನ ಬೆಲೆಗೆ ತನ್ನ ಊರಿನ ಸೆಕೆಂಡುಗಳನ್ನು ಕೊಳ್ಳಬಲ್ಲ.

ಈ ವಿಂಗಡಣೆಯು ರಾಜ್ಯದ ಗಡಿಗೆ ಮನ್ನಣೆ ಕೊಡುವುದಿಲ್ಲವೆಂಬುದು ಇನ್ನೂ ಗಮನಾರ್ಹ. 90 ಲಕ್ಷಕ್ಕೂ ಮಿಕ್ಕಿ ಜನರಿರುವ ನ್ಯೂಜೆರ್ಸಿ ರಾಜ್ಯಕ್ಕೆ ತನ್ನದೇ ಆದ ಟೆಲಿವಿಷನ್ ಮಾರುಕಟ್ಟೆಯೇ ಇಲ್ಲ. ಅದರ ಉತ್ತರಾರ್ಧ ನ್ಯೂಯಾರ್ಕಿಗೂ ದಕ್ಷಿಣಾರ್ಧ ಫಿಲಡೆಲ್ಫಿಯಾಕ್ಕೂ ಸೇರಿದೆ. ಈ ವ್ಯವಸ್ಥೆಗೂ ದೋಷಗಳಿವೆ. ಕೊಲರಾಡೋ ರಾಜ್ಯದ ಲಾ ಪ್ಲಾಟಾ ಕೌಂಟಿ ನೆರೆಯ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಮಾರುಕಟ್ಟೆಗೆ ಸೇರಿದ್ದುದರಿಂದ ಅಲ್ಲಿನ ಜನ ಪರರಾಜ್ಯದ ಸುದ್ದಿಯನ್ನೂ ಚುನಾವಣಾ ಜಾಹೀರಾತುಗಳನ್ನೂ ನೋಡಬೇಕಾಗಿತ್ತು. ತಮ್ಮದೇ ರಾಜಧಾನಿ ಡೆನ್ವರಿನ ಕೇಂದ್ರಗಳು ಉಪಗ್ರಹ ಸೇವೆಯಲ್ಲಿ ದೊರೆಯಬೇಕೆಂಬ ಅವರ ಅರ್ಜಿಯನ್ನು 2017ರಲ್ಲಿ ಆಯೋಗ ಮಾನ್ಯ ಮಾಡಿತು. ತಪ್ಪಿದ ಎಲ್ಲೆಯನ್ನು ಪ್ರಶ್ನಿಸಲು ಅಲ್ಲಿ ಒಂದು ದಾರಿಯಿದೆ ಎಂಬುದು ಮುಖ್ಯ.

ಅಮೆರಿಕದ ಮಾದರಿಯನ್ನು ಯಥಾವತ್ತಾಗಿ ಇಲ್ಲಿಗೆ ತರಲಾಗದು, ತರಬೇಕಾಗಿಯೂ ಇಲ್ಲ. ಕನ್ನಡದ ಧಾರಾವಾಹಿಯನ್ನು ಬೀದರ್ ಮತ್ತು ಮಡಿಕೇರಿಗಳಲ್ಲಿ ಒಂದೇ ಹೊತ್ತಿಗೆ ನೋಡುವುದರಲ್ಲಿ ಯಾರ ತಕರಾರೂ ಇಲ್ಲ. ತಕರಾರಿರುವುದು ನಡುವೆ ಬರುವ ಜಾಹೀರಾತನ್ನು ಇಡಿಯಾಗಿಯೇ ಕೊಳ್ಳಬೇಕೆಂಬ ನಿಯಮದ ಬಗ್ಗೆ. ಕನ್ನಡ ಪತ್ರಿಕೆಗಳು ಈ ಗೊಡವೆಯನ್ನು ಎಂದೋ ಪರಿಹರಿಸಿಕೊಂಡಿವೆ. ಜಾಹೀರಾತುದಾರನು ತನಗೆ ಬೇಕಾದ ಆವೃತ್ತಿಯಲ್ಲಿ ಮಾತ್ರ ಸ್ಥಳ ಕೊಳ್ಳಬಹುದು. ಭದ್ರಾವತಿ, ಚಿತ್ರದುರ್ಗದ ಆಕಾಶವಾಣಿ ಕೇಂದ್ರಗಳಿಗೆ ತಮ್ಮದೇ ವ್ಯಾಪ್ತಿಯಿದೆ. ಮಂಗಳೂರಿನ ಕೇಬಲ್ ವಾಹಿನಿಗಳು ತುಳು ಕಾರ್ಯಕ್ರಮಗಳ ನಡುವೆ ಅಲ್ಲಿನ ಚಿನ್ನದಂಗಡಿ, ಬಟ್ಟೆಯಂಗಡಿಗಳ ಜಾಹೀರಾತನ್ನೇ ನಂಬಿ ನಡೆದಿವೆ. ಉಪಗ್ರಹ ವಾಹಿನಿಗಳಲ್ಲಿಯೂ ಇದು ಅಸಾಧ್ಯವಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಅಮಾಗಿ ಸಂಸ್ಥೆಯು ಕೇಬಲ್ ಕೇಂದ್ರಗಳಲ್ಲಿ ಉಪಕರಣ ಅಳವಡಿಸಿ, ರಾಷ್ಟ್ರೀಯ ವಾಹಿನಿಯ ಒಂದೇ ಬಿಡುವಿನಲ್ಲಿ ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಜಾಹೀರಾತು ತೋರಿಸುವ ವ್ಯವಹಾರ ನಡೆಸಿತು. ಮುಂದೆ ಅದರ ಒತ್ತು ಕ್ಲೌಡ್ ಆಧಾರಿತ ಪ್ರಸಾರ ತಂತ್ರಜ್ಞಾನದ ಕಡೆಗೆ ಹೊರಳಿತಾದರೂ, ಕೆಲಸ ಮಾಡಬಹುದೆಂಬುದು ಆಗಲೇ ಸಿದ್ಧವಾಗಿತ್ತು.

ಎರಡು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದು ಎಣಿಕೆಯದು. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯು 20,000 ಮನೆಗಳ ಮಾದರಿಯಿಂದ ಆರಂಭಿಸಿ ಕ್ರಮೇಣ 50,000ಕ್ಕೆ ಏರಿಸಬೇಕೆಂದು ವಿಧಿಸಿತ್ತು. ಇಷ್ಟು ವಿಶಾಲ ದೇಶದಲ್ಲಿ ಒಂದು ರಾಜ್ಯದ ಪಾಲಿಗೆ ಬರುವ ಮೀಟರುಗಳನ್ನು ಮತ್ತೆ ನಾಲ್ಕೈದು ಭಾಗ ಮಾಡಿದರೆ ಅಂಕಿಗಳು ತೂಗಾಡುತ್ತವೆ. ಮೀಟರುಗಳು ಕಡಿಮೆಯಾದಷ್ಟೂ ಅವುಗಳನ್ನು ತಿರುಚುವುದು ಸುಲಭ. ವೀಕ್ಷಕರ ಅಂಕಿ ತಿರುಚಿದ ಆರೋಪದ ಮೇಲೆ ಮುಂಬಯಿ ಪೊಲೀಸರು 2020ರಲ್ಲಿ ದಾಖಲಿಸಿದ ಪ್ರಕರಣದ ಬೆನ್ನಲ್ಲೇ ಸುದ್ದಿ ವಾಹಿನಿಗಳ ಅಂಕಿಗಳ ಪ್ರಕಟಣೆ ನಿಂತು, 2022ರಲ್ಲಷ್ಟೇ ಮತ್ತೆ ಆರಂಭವಾದುದನ್ನು ಮರೆಯಲಾಗದು. ಈ ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಅದಕ್ಕೆ ಉತ್ತರ ಮೀಟರುಗಳ ಸಂಖ್ಯೆಯನ್ನು ಹೆಚ್ಚಿಸುವುದೇ ವಿನಾ ಸಣ್ಣ ಜಾಹೀರಾತುದಾರನನ್ನು ಕತ್ತಲೆಯಲ್ಲಿಡುವುದಲ್ಲ. ವಾರವಾರದ ಅಂಕಿ ಬೇಡ, ಮೂರು ತಿಂಗಳ ಸರಾಸರಿಯನ್ನು ಕೊಟ್ಟರೂ ಮಸಾಲೆ ಪುಡಿ ಮಾರುವವರಿಗೆ ಸಾಕು.

ಎರಡನೆಯದು ವಾಹಿನಿಗಳ ಆದಾಯದ ಆಕ್ಷೇಪ; ಅದು ಅಷ್ಟು ಗಟ್ಟಿಯಾದುದಲ್ಲ. ಗಂಟೆಗೆ 12 ನಿಮಿಷಗಳ ಮಿತಿ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿದೆ. ಇರುವ ಸೆಕೆಂಡುಗಳು ಸೀಮಿತವಾಗಿರುವಾಗ ಅದೇ 10 ಸೆಕೆಂಡನ್ನು ನಾಲ್ಕು ವಲಯಗಳಲ್ಲಿ ನಾಲ್ವರಿಗೆ ಮಾರುವುದು ವಾಹಿನಿಗೂ ಲಾಭದಾಯಕವೇ. ಚಿಲ್ಲರೆ ಮಾರಾಟದಲ್ಲಿ ಶ್ರಮ ಹೆಚ್ಚು, ಗಿಟ್ಟುವ ಬೆಲೆಯೂ ಹೆಚ್ಚು ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ವಲಯಗಳನ್ನು ಗುರುತಿಸುವಾಗ ಮಾತ್ರ ಎಚ್ಚರಿಕೆ ಬೇಕು. ಸರ್ಕಾರದ ನಾಲ್ಕು ಕಂದಾಯ ವಿಭಾಗಗಳು ಸಿದ್ಧವಾಗಿಯೇ ಇವೆಯಲ್ಲ ಎಂದು ಯಾರಾದರೂ ಹೇಳಬಹುದು. ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗದಲ್ಲಿದೆ, ಹಾವೇರಿ ಬೆಳಗಾವಿ ವಿಭಾಗದಲ್ಲಿದೆ. ತುಂಗಭದ್ರೆಯ ಒಂದು ದಂಡೆಯಲ್ಲಿ ಹರಿಹರ, ಇನ್ನೊಂದು ದಂಡೆಯಲ್ಲಿ ಕುಮಾರಪಟ್ಟಣ, ಅಲ್ಲಿಂದ ಮುಂದೆ ರಾಣೆಬೆನ್ನೂರು. ಸೇತುವೆ ದಾಟಿ ನಿತ್ಯವೂ ಸರಕು, ಉದ್ರಿ, ವಸೂಲಿ ಎಲ್ಲವೂ ನಡೆಯುವ ಈ ಊರುಗಳನ್ನು ಎರಡು ಬೇರೆ ಮಾರುಕಟ್ಟೆಗಳಾಗಿಸಿದರೆ, ಮಾಡಿದ್ದೂ ಮಾಡದ್ದೂ ಒಂದೇ. ಬಳ್ಳಾರಿ, ರಾಯಚೂರುಗಳಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ ವಾಹಿನಿಗಳಿಗೂ ವೀಕ್ಷಕರಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜನ ಎಲ್ಲಿ ಕೊಳ್ಳುತ್ತಾರೆ, ಏನು ನೋಡುತ್ತಾರೆ ಎಂಬ ಆಧಾರದ ಮೇಲೆ ತಾಲ್ಲೂಕುಗಳನ್ನು ಜೋಡಿಸುವುದೇ ಸರಿಯಾದ ಕ್ರಮ. ಅದಕ್ಕೆ ಬೇಕಾದ ವ್ಯಾಪಾರದ ತಿಳಿವಳಿಕೆ ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳ ಬಳಿಯಿದೆ. ಅವು ಒಟ್ಟಾಗಿ ಒಂದು ನಕಾಶೆಯನ್ನು ಸಿದ್ಧಪಡಿಸಿ ಬಾರ್ಕ್ ಮತ್ತು ವಾಹಿನಿಗಳ ಮುಂದೆ ಇಡದಿದ್ದರೆ, ಆ ಕೆಲಸವನ್ನು ಬೇರೆ ಯಾರೂ ಮಾಡುವುದಿಲ್ಲ.

ಅಲ್ಲಿಯವರೆಗೆ ಲೆಕ್ಕದ ಪುಸ್ತಕವನ್ನು ಗಮನಿಸುವುದು ಅನಿವಾರ್ಯ. ಟೆಲಿವಿಷನ್ ಜಾಹೀರಾತಿನ ಮೇಲೆ ಜಿ.ಎಸ್.ಟಿ. ಶೇ. 18; ಪತ್ರಿಕೆಯಲ್ಲಿ ಕೊಳ್ಳುವ ಜಾಹೀರಾತು ಸ್ಥಳದ ಮೇಲೆ ಶೇ. 5. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲದಿರುವುದರಿಂದ, ಲಕ್ಷ ರೂಪಾಯಿಯ ಜಾಹೀರಾತಿಗೆ 18,000 ರೂಪಾಯಿ ನೇರ ವೆಚ್ಚವೇ ಆಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿರುವವರಿಗೂ ಪೂರ್ಣ ನೆಮ್ಮದಿಯಿಲ್ಲ. ಮೆಣಸಿನ ಪುಡಿಯ ಮೇಲಿನ ತೆರಿಗೆ ಶೇ. 5 ಮಾತ್ರವಾದುದರಿಂದ ಜಾಹೀರಾತು ಬಿಲ್ಲು ದೊಡ್ಡದಾದರೆ ಜಮೆ ಬಳಕೆಯಾಗದೆ ಉಳಿದುಬಿಡಬಹುದು. ಮಾರಾಟದ ದರಕ್ಕಿಂತ ಖರೀದಿಯ ದರ ಹೆಚ್ಚಿರುವಾಗ ದೊರೆಯುವ ಮರುಪಾವತಿಯು ಸರಕುಗಳಿಗೆ ಸೀಮಿತ, ಸೇವೆಗಳಿಗಿಲ್ಲವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ವಿ.ಕೆ.ಸಿ. ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದುದರಿಂದ ದಸರಾ ಹಂಗಾಮಿನ ರಿಲೀಸ್ ಆರ್ಡರಿಗೆ ಸಹಿ ಹಾಕುವ ಮುನ್ನ, ಬೆಂಗಳೂರು ಮತ್ತು ಉಳಿದ ಕರ್ನಾಟಕದ ವೀಕ್ಷಕರ ಪಾಲೆಷ್ಟು ಎಂಬ ಅಂಕಿಯನ್ನು ಏಜೆನ್ಸಿಯಿಂದ ಲಿಖಿತವಾಗಿ ಪಡೆದು, ತಮ್ಮ ಸರಕು ಸಿಗುವ ಜಿಲ್ಲೆಗಳ ಪಾಲನ್ನು ಅದರೊಳಗಿಂದ ಬೇರ್ಪಡಿಸಿ, ತೆರಿಗೆಯನ್ನೂ ಸೇರಿಸಿ, ತಲುಪುವ ಒಬ್ಬ ಗ್ರಾಹಕನಿಗೆ ಎಷ್ಟು ಬೀಳುತ್ತದೆಂಬುದನ್ನು ಸ್ಥಳೀಯ ಕೇಬಲ್ ವಾಹಿನಿ ಹಾಗೂ ಪತ್ರಿಕೆಯ ಜಿಲ್ಲಾ ಆವೃತ್ತಿಯ ದರದೊಡನೆ ಹೋಲಿಸಿ ನೋಡುವುದು ಉಚಿತ.