ಪಿಡಿಎಫ್ ಪುಟದಲ್ಲಿ ಮುಳುಗಡೆಯ ಮನೆ



ಮನೆತನದ ಹಳೆಯ ಭಾವಚಿತ್ರಗಳನ್ನು ಗಣಕಯಂತ್ರದಲ್ಲಿ ಪಿಡಿಎಫ್ ಕಡತಕ್ಕೆ ಸೇರಿಸುವ ಕ್ರಮವನ್ನು ತಿಳಿಸಬೇಕೆಂದು ಹುನಗುಂದದ ಓದುಗ ಸಹೋದರಿಯೊಬ್ಬರು ಕೇಳಿದ್ದಾರೆ. ಚಿತ್ರ ಸೇರಿಸುವುದು ಅರೆಗಳಿಗೆಯ ಕೆಲಸ. ಆದರೆ ಎಂತಹ ಚಿತ್ರವನ್ನು ಸೇರಿಸುತ್ತೇವೆ ಎಂಬುದರಲ್ಲಿ ನಾನೇ ಒಮ್ಮೆ ಎಡವಿದವನಾದ್ದರಿಂದ ಮೊದಲು ಆ ಸಂಗತಿಯನ್ನೇ ಅರಿಕೆ ಮಾಡುತ್ತೇನೆ.

ನಮ್ಮ ಹಿರಿಯರ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಜಲಾಶಯದಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟು 2000ದಲ್ಲಿ ಸಮ್ಮತಿಸಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಊರಿನ ತಗ್ಗಿನ ಓಣಿಗಳನ್ನು ನುಂಗಿತು. ನಾವು ನವನಗರಕ್ಕೆ ಬಂದೆವು. ಬರುವಾಗ ತೊಲೆ, ಕಂಬ, ಬಾಗಿಲುಗಳನ್ನು ಕಿತ್ತು ತಂದೆವು, ಪಡಸಾಲೆಯನ್ನು ತರಲಾಗಲಿಲ್ಲ. ಪರಿಹಾರದ ಕಾಗದದಲ್ಲಿ ಆ ಮನೆ ಚದರಡಿಗಳ ಲೆಕ್ಕವಾಗಿ ಮಾತ್ರ ಉಳಿದಿದೆ. ಮಕ್ಕಳು ಮೊಮ್ಮಕ್ಕಳಿಗೆ ಆ ಮನೆ ಹೇಗಿತ್ತೆಂದು ತೋರಿಸಲು ಒಂದು ಪುಸ್ತಿಕೆ ಮಾಡೋಣವೆಂದು ಬಳಗದವರೆಲ್ಲ ನಿಶ್ಚಯಿಸಿ, ಬರೆಯುವ ಮತ್ತು ಜೋಡಿಸುವ ಹೊಣೆಯನ್ನು ನನಗೆ ಒಪ್ಪಿಸಿದರು.

ಚಿತ್ರಗಳು ನಾಲ್ಕು ದಿಕ್ಕಿನಲ್ಲಿದ್ದವು. ಅವುಗಳಲ್ಲಿ ಮುಖ್ಯವಾದುದು ಬಾದಾಮಿ ತಾಲೂಕಿನ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಯ ಬಳಿ ಇತ್ತು. ನಮ್ಮ ಸಣ್ಣಜ್ಜನ ಮದುವೆಯ ದಿನ ತಲೆಬಾಗಿಲ ಮುಂದೆ ತೆಗೆಸಿದ, ಎಂಟು ಇಂಚು ಅಗಲದ ಗುಂಪಿನ ಚಿತ್ರವದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಅತ್ತೆ ಟ್ರಂಕನ್ನು ಅಟ್ಟಕ್ಕೇರಿಸಿದ್ದರಿಂದ ಅದು ಉಳಿದಿತ್ತು. ಅವರ ಮೊಮ್ಮಗ ಅದನ್ನು ಮೊಬೈಲಿನಲ್ಲಿ ಹಿಡಿದು ಸಂದೇಶದ ಮೂಲಕ ಕಳಿಸಿದ. ನಾನು ಹಿಗ್ಗಿ, ತಲೆಬಾಗಿಲಿನ ಭಾಗವನ್ನಷ್ಟೇ ಕತ್ತರಿಸಿಕೊಂಡು, ಮೂಲೆ ಹಿಡಿದು ಎಳೆದು ಪುಟದ ತುಂಬ ಹರಡಿದೆ. ಮುದ್ರಣವಾಗಿ ಬಂದಾಗ ಬಾಗಿಲೂ ಇಲ್ಲ, ಮನುಷ್ಯರೂ ಇಲ್ಲ. ಬೂದಿ ಬಣ್ಣದ ಚೌಕಗಳು ಮಾತ್ರ ಇದ್ದವು.

ತಮ್ಮನ ಮಗಳು ನೋಡಿ ನಕ್ಕಳು. “ದೊಡ್ಡಪ್ಪಾ, ಎಳದರ ಚಿತ್ರ ದೊಡ್ಡದಾಗತೈತಿ, ಖರೆ ಅದರಾಗಿನ ಚುಕ್ಕಿ ಹೆಚ್ಚಾಗೂದಿಲ್ಲ” ಎಂದಳು.

ಅವಳು ಆಡಿದ್ದು ಅಕ್ಷರಶಃ ನಿಜ. ಪಿಡಿಎಫ್ ಎಂಬ ಕಡತ ಪದ್ಧತಿಯನ್ನು ಅಡೋಬಿ ಸಂಸ್ಥೆಯವರು 1993ರಲ್ಲಿ ಹೊರತಂದರು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಆ ಕಡತದೊಳಗೆ ಚಿತ್ರವು ತನ್ನಷ್ಟಕ್ಕೆ ಬೇರೆಯೇ ಇರುತ್ತದೆ. ಅದನ್ನು ಪುಟದ ಯಾವ ಸ್ಥಳದಲ್ಲಿ, ಎಷ್ಟು ಅಗಲದಲ್ಲಿ ತೋರಿಸಬೇಕೆಂಬ ಆಜ್ಞೆ ಬೇರೆ ಇರುತ್ತದೆ. ನಾವು ಮೂಲೆ ಹಿಡಿದು ಎಳೆದಾಗ ಬದಲಾಗುವುದು ಆಜ್ಞೆಯೇ ಹೊರತು ಚಿತ್ರವಲ್ಲ. ಸಂದೇಶದಲ್ಲಿ ಬಂದ ಪ್ರತಿ ಕುಗ್ಗಿ 1600 ಚುಕ್ಕಿಗಳ ಅಗಲಕ್ಕೆ ಇಳಿದಿತ್ತು. ಅಂದರೆ ಮೂಲದ ಒಂದು ಇಂಚಿಗೆ 200 ಚುಕ್ಕಿ. ನಾನು ಕತ್ತರಿಸಿಕೊಂಡ ಬಾಗಿಲಿನ ಭಾಗ ಮೂಲದಲ್ಲಿ ಎರಡೇ ಇಂಚು. ಹೀಗಾಗಿ ನನ್ನ ಕೈಗೆ ಬಂದವು 400 ಚುಕ್ಕಿಗಳು. ಅವನ್ನು ಆರು ಇಂಚಿಗೆ ಹರಡಿದರೆ ಇಂಚಿಗೆ 67ರಷ್ಟು ಮಾತ್ರ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಬೇಕು. ಒಂದು ಸೇರು ಹಿಟ್ಟಿನಲ್ಲಿ ಊರಿಗೆಲ್ಲ ರೊಟ್ಟಿ ಬಡಿಯಲು ಹೋದಂತಾಗಿತ್ತು ನನ್ನ ಕೆಲಸ.

ನಾನೇ ಬಾದಾಮಿಗೆ ಹೋಗಿ ಮೂಲಚಿತ್ರವನ್ನು ತಂದೆ. ಕಟ್ಟಿನ ಗಾಜಿಗೆ ಅಂಟಿಕೊಂಡ ಚಿತ್ರವಾದರೆ ಕೀಳಲು ಹೋಗಬಾರದು, ಪದರವೇ ಹರಿದು ಬರುತ್ತದೆ. ಗಾಜಿನ ಸಮೇತವೇ ಪ್ರತಿ ತೆಗೆಯಬೇಕು. ನಮ್ಮದು ಬಿಡಿಯಾಗಿತ್ತು. ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಇಂಚಿಗೆ 1200 ಚುಕ್ಕಿಗಳ ಲೆಕ್ಕದಲ್ಲಿ ಇಳಿಸಿಕೊಂಡೆವು. ಸಾಧಾರಣ ಚಿತ್ರಗಳಿಗೆ 600 ಸಾಕು. ಆದರೆ ಈ ಗುಂಪಿನಲ್ಲಿ ಒಬ್ಬೊಬ್ಬರ ಮುಖವೂ ಜೋಳದ ಕಾಳಿನಷ್ಟು, ಅಂದರೆ ನಾಲ್ಕು ಮಿಲಿಮೀಟರಿನಷ್ಟಿತ್ತು. ಮೊದಲಿನ ಪ್ರತಿಯಲ್ಲಿ ಅಂಥ ಒಂದು ಮುಖದ ಅಗಲಕ್ಕೆ ದೊರೆತದ್ದು 31 ಚುಕ್ಕಿ. ಈಗ ದೊರೆತದ್ದು 189.

ಇನ್ನು ಸೇರಿಸುವ ಕ್ರಮ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನ ರೈಟರ್‌ನಲ್ಲಿ ಬರಹವನ್ನು ಸಿದ್ಧಪಡಿಸಿ, ಇನ್ಸರ್ಟ್ ಪಟ್ಟಿಯಿಂದ ಇಮೇಜನ್ನು ಆರಿಸಿ ಚಿತ್ರವನ್ನು ಕೂಡಿಸಬೇಕು. ಕೂಡಿಸಿದ ಚಿತ್ರ ಸಾಲು ಹೆಚ್ಚಾದಂತೆ ಅತ್ತಿತ್ತ ಜಿಗಿಯದಿರಲು ಅದರ ಆಂಕರನ್ನು ‘ಆ್ಯಸ್ ಕ್ಯಾರೆಕ್ಟರ್’ ಎಂದು ಇಡಬೇಕು. ಅನಂತರ ಫೈಲ್ ಪಟ್ಟಿಯಿಂದ ಪಿಡಿಎಫ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ಒಂದು ಕಿಟಕಿ ತೆರೆಯುತ್ತದೆ. ಅಲ್ಲಿ ಚಿತ್ರಗಳನ್ನು ಎಷ್ಟು ಕುಗ್ಗಿಸಬೇಕೆಂಬ ಪ್ರಶ್ನೆಯಿರುತ್ತದೆ. ಮುದ್ರಣಕ್ಕಾದರೆ 300ಕ್ಕಿಂತ ಕೆಳಗೆ ಇಳಿಸಬಾರದು. ವರ್ಡ್ ಬಳಸುವವರು ‘ಮಿನಿಮಮ್ ಸೈಜ್’ ಎಂಬುದನ್ನು ಬಿಟ್ಟು ‘ಸ್ಟ್ಯಾಂಡರ್ಡ್’ ಎಂಬುದನ್ನು ಆರಿಸಿಕೊಳ್ಳಬೇಕು.

ಪಿಡಿಎಫ್ ಆಗಿ ಮುಗಿದ ಮೇಲೆ ಮತ್ತೊಂದು ಚಿತ್ರ ಸಿಕ್ಕಿದರೆ? ನಮಗೆ ಸಿಕ್ಕಿತು. ಇಳಕಲ್ಲಿನಲ್ಲಿರುವ ತಂಗಿ ಅಜ್ಜಿಯ ಮದುವೆಯ ಸೀರೆಯನ್ನು ನೆನಪು ಮಾಡಿಕೊಂಡು, ಅದರ ತೋಪು ತೆನೆಯ ಸೆರಗಿನ ಚಿತ್ರ ಕಳಿಸಿದಳು. ಕೆಂಪಿನ ನಡುವೆ ಬಿಳಿಯ ತೆನೆಗಳು ಒಂದಕ್ಕೊಂದು ತಾಕದಂತೆ ನಿಂತಿರುತ್ತವಷ್ಟೆ. ಹೆಚ್ಚು ಕುಗ್ಗಿಸಿದ ಜೆಪೆಗ್ ಚಿತ್ರದಲ್ಲಿ ಆ ಅಂಚೇ ಮೊದಲು ಕದಡಿ ಕೆಂಪು ಬಿಳಿಯೊಳಗೆ ಸೋರುತ್ತದೆ. ಪ್ರತಿ ಸಲ ತಿದ್ದಿ ಮತ್ತೆ ಜೆಪೆಗ್ ಆಗಿಯೇ ಉಳಿಸಿದರೆ ಪ್ರತಿ ಸಲವೂ ಅಷ್ಟಷ್ಟು ಕೆಡುತ್ತದೆ. ಸೀರೆಯನ್ನು ಅಂಗಳದ ನೆರಳಿನಲ್ಲಿ ಹರಡಿ, ಫ್ಲ್ಯಾಷ್ ಇಲ್ಲದೆ ಮತ್ತೆ ತೆಗೆದು, ಸಂದೇಶದಲ್ಲಿ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸೆಂದು ತಂಗಿಗೆ ಹೇಳಿದೆ. ಹಾಗೆ ಕಳಿಸಿದರೆ ಕಡತ ಕುಗ್ಗದೆ ಬರುತ್ತದೆ.

ಹಣ ಕೊಟ್ಟು ಕೊಳ್ಳುವ ಅಕ್ರೊಬ್ಯಾಟ್‌ನಲ್ಲಿ ಸಿದ್ಧ ಪಿಡಿಎಫ್‌ನ ಪುಟದ ಮೇಲೆಯೇ ಚಿತ್ರ ಕೂಡಿಸುವ ಅನುಕೂಲವಿದೆ. ಲಿಬ್ರೆ ಆಫೀಸಿನ ಡ್ರಾ ಕೂಡ ಪಿಡಿಎಫನ್ನು ತೆರೆಯುತ್ತದೆ. ಆದರೆ ಕನ್ನಡದ ಒತ್ತಕ್ಷರಗಳು ಕಳಚಿ ಬೀಳುವ ಭಯವಿರುವುದರಿಂದ ನಾನು ಅದನ್ನು ಹೇಳಲಾರೆ. ಮೂಲ ಬರಹದ ಕಡತಕ್ಕೆ ಹಿಂತಿರುಗಿ, ಅಲ್ಲಿ ಚಿತ್ರ ಸೇರಿಸಿ, ಹೊಸದಾಗಿ ಪಿಡಿಎಫ್ ತೆಗೆಯುವುದೇ ನೇರ ದಾರಿ. ಮೂಲ ಕಡತವೇ ಕಳೆದಿದ್ದರೆ ಚಿತ್ರಕ್ಕೆ ಒಂದು ಬೇರೆ ಪುಟವನ್ನೇ ಕೊಡಬಹುದು. ಪಿಡಿಎಫ್ ಅರೇಂಜರ್ ಎಂಬ ಉಚಿತ ತಂತ್ರಾಂಶವು ಚಿತ್ರವನ್ನು ಪುಟವಾಗಿಸಿ, ಬೇಕಾದ ಪುಟಗಳ ನಡುವೆ ಇಡುತ್ತದೆ. ಉಳಿದ ಪುಟಗಳ ಅಕ್ಷರಗಳಿಗೆ ಏನೂ ಆಗುವುದಿಲ್ಲ.

ಪ್ರಸಂಗವಶಾತ್ ಒಂದು ಮಾತು. ಪರಿಹಾರ ಪತ್ರದಂಥ ಕಾಗದಗಳನ್ನು ಪುಸ್ತಿಕೆಯಲ್ಲಿ ಸೇರಿಸುವವರು ಬ್ಯಾಂಕಿನ ಖಾತೆಯ ಸಂಖ್ಯೆಯ ಮೇಲೆ ಕಪ್ಪು ಚೌಕ ಇಟ್ಟು ನಿಶ್ಚಿಂತರಾಗುತ್ತಾರೆ. ಮೇಲೆ ಹೇಳಿದಂತೆ ಚಿತ್ರ ಬೇರೆ, ಚೌಕ ಬೇರೆ. ಚೌಕವನ್ನು ಸರಿಸಿದರೆ ಸಂಖ್ಯೆ ಕೆಳಗೇ ಇರುತ್ತದೆ. ಚಿತ್ರವನ್ನು ಸೇರಿಸುವ ಮೊದಲೇ ಚಿತ್ರದಲ್ಲಿಯೇ ಆ ಭಾಗವನ್ನು ಅಳಿಸಿ ಉಳಿಸಿಕೊಳ್ಳಬೇಕು.

ಹೊಸ ಪುಟವನ್ನು ಮುದ್ರಿಸಿಕೊಂಡು ಮತ್ತೆ ಬಾದಾಮಿಯ ಬಸ್ಸು ಹತ್ತಿದೆ. ಮೂಲಚಿತ್ರವನ್ನು ಹಿಂದಿರುಗಿಸಬೇಕಿತ್ತು, ಚಿತ್ರದಲ್ಲಿರುವವರ ಹೆಸರುಗಳನ್ನೂ ಬರೆದುಕೊಳ್ಳಬೇಕಿತ್ತು. ಅತ್ತೆಗೆ ಈಗ 86 ವರುಷ. ಆ ಗುಂಪಿನಲ್ಲಿದ್ದವರ ಪೈಕಿ ಬದುಕಿರುವವರು ಅವರೊಬ್ಬರೇ. ಕಣ್ಣು ಮಂದವಾಗಿ, ಮೂಲಚಿತ್ರದಲ್ಲಿ ಯಾರನ್ನೂ ಗುರುತಿಸಲಾರದೆ ಎಷ್ಟೋ ವರ್ಷಗಳಾಗಿದ್ದವು. ಪುಟವನ್ನು ಬೆಳಕಿಗೆ ಹಿಡಿದು ಒಬ್ಬೊಬ್ಬರನ್ನೇ ಹೇಳುತ್ತ ಬಂದರು, ನಾನು ಬರೆದುಕೊಳ್ಳುತ್ತ ಹೋದೆ. ತಲೆಬಾಗಿಲಿನ ತೋಳಿಗೆ ಕೈಯಿಟ್ಟು ಅರ್ಧ ಮರೆಯಾಗಿ ನಿಂತಿದ್ದ ಹುಡುಗಿಯ ಬಳಿ ಬೆರಳು ನಿಂತಿತು. ಎಷ್ಟೋ ಹೊತ್ತು ಮಾತನಾಡಲಿಲ್ಲ.

“ತಮ್ಮಾ, ಈಕಿ ನಮ್ಮಕ್ಕ” ಎಂದರು. “ಲಗ್ನ ಆದ ವರ್ಷನ ತೀರಿಕೊಂಡಳು. ಆಕಿದೊಂದು ಫೋಟೋನೂ ಇಲ್ಲಂತ ನಮ್ಮವ್ವ ಸಾಯೂತನಕ ಅಂತಿದ್ದಳು.”

ನನ್ನ ತಂದೆಗೆ ಇಬ್ಬರು ಅಕ್ಕಂದಿರಿದ್ದರೆಂಬುದನ್ನು ನಾನು ಅಂದೇ ತಿಳಿದದ್ದು. ಪುಟದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರುಗಳನ್ನು ಬರೆದು ಪಿಡಿಎಫನ್ನು ಮತ್ತೊಮ್ಮೆ ತೆಗೆದೆವು. ಅತ್ತೆ ಕೇಳಿದರೆಂದು ಆ ಮುಖವೊಂದನ್ನೇ ಬೇರೆಯಾಗಿ ಅಚ್ಚು ಹಾಕಿಸಿ ಕಳಿಸಿದ್ದೇವೆ. 189 ಚುಕ್ಕಿಗಳಿಗೆ ಅಂಚೆಚೀಟಿಗಿಂತ ದೊಡ್ಡದು ಬರಲಿಲ್ಲ. ಅದನ್ನು ಕಟ್ಟು ಹಾಕಿಸಿ ದೇವರ ಜಗಲಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರಂತೆ.